ಏಳನೇ ಮಣಿ

ಈ ಅಕ್ಟೋಬರ್‌ನ ಒಂದು ಮಂಗಳವಾರ ಸಂಜೆ. ಮನೆಯಲ್ಲಿ ದುಃಖದ ರಹಸ್ಯಗಳ ಜಪಸರ ನಡೆಯುತ್ತಿತ್ತು. ಯೇಸು, ಮರಿಯಮ್ಮನವರ ಬದುಕಿನ ಐದೈದು ಘಟನೆಗಳನ್ನು, ಅಂದರೆ 'ರಹಸ್ಯ'ಗಳನ್ನು, ನೆನೆಯುತ್ತ ಮಣಿ ಎಣಿಸುವ ಜಪ ಅದು; ಒಂದು ರಹಸ್ಯಕ್ಕೆ ಹತ್ತು ಸಣ್ಣ ಮಣಿ. ಯೇಸುವಿಗೆ ಮುಳ್ಳಿನ ಕಿರೀಟ ತೊಡಿಸುವ ಮೂರನೇ ರಹಸ್ಯಕ್ಕೆ ಬಂದಿದ್ದೆವು, ಅಷ್ಟರಲ್ಲಿ ಅಜ್ಜಿಯ ಜಪಸರ ನನ್ನ ಕೈಯಲ್ಲೇ ಕಿತ್ತುಹೋಯಿತು. ಎದೆ ಧಸಕ್ಕೆಂದಿತು. ಆದರೆ ಉರುಳಿದ್ದು ಒಂದೇ ಮಣಿ. ಉಳಿದ 58 ಮಣಿಗಳು ಇದ್ದಲ್ಲೇ ಇದ್ದವು, ಯಾಕಂದ್ರೆ ಅಜ್ಜಿ ಒಂದೊಂದು ಮಣಿಗೂ ಗಂಟು ಹಾಕಿದ್ದಳು.

ಅವಳು ಜಪಸರ ಕಟ್ಟುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಹುರಿಗೆ ಮೇಣದ ಬತ್ತಿ ತೀಡುವಳು. ಗಂಧದ ಮಣಿ ಪೋಣಿಸಿ, ಸಡಿಲ ಗಂಟು ಹಾಕಿ, ಗಂಟಿನೊಳಗೆ ಸೂಜಿ ತೂರಿಸಿ ಅದನ್ನು ಮಣಿಯ ಬುಡಕ್ಕೇ ಸರಿಸಿಕೊಂಡು ಬಂದು ಬಿಗಿಯುವಳು. ಸಣ್ಣ ಮಣಿಗೆ ಒಂದು ನಮೋ ಮರಿಯಾ, ಅಂದರೆ ಮರಿಯಮ್ಮನ ಪ್ರಾರ್ಥನೆ; ದೊಡ್ಡದಕ್ಕೆ ಯೇಸು ಕಲಿಸಿದ ಪರಲೋಕ ಪ್ರಾರ್ಥನೆ ಒಂದು. ಸಣ್ಣವು 53, ದೊಡ್ಡವು 6. ಯಾರ ಕೈಗಾದರೂ ಕೊಡುವ ಹೊತ್ತಿಗೆ ಆ ಸರದಲ್ಲಿ ಒಂದು ಪೂರ್ತಿ ಜಪ ಆಗಿರುತ್ತಿತ್ತು.

ಆ ಗಂಧದ ವಾಸನೆ ಇದೆಯಲ್ಲ, ಡಬ್ಬಿಯಲ್ಲಿಟ್ಟರೆ ಬರುವುದೇ ಇಲ್ಲ. ಅಂಗೈ ಬೆಚ್ಚಗಾಗಬೇಕು, ಸ್ವಲ್ಪ ಬೆವರಬೇಕು, ಎರಡನೇ ರಹಸ್ಯ ದಾಟಬೇಕು, ಆಗ ಮೆಲ್ಲಗೆ ಏಳುತ್ತದೆ. "ಓಡೋಡಿ ಜಪ ಮಾಡೋರಿಗೆ ಇದು ಸಿಗಲ್ಲ ಮಗಾ" ಅನ್ನುತ್ತಿದ್ದಳು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ನೆಲಮಾಳಿಗೆಗೆ ಇಳಿದಾಗಲೂ ನನಗೆ ಮೇಣದ ವಾಸನೆಗಿಂತ ಮೊದಲು ಅಜ್ಜಿಯ ಕೈ ವಾಸನೆಯೇ ಬರುತ್ತದೆ. ಅವಳು ಹೋಗಿ ಎಷ್ಟೋ ವರ್ಷವಾಯಿತು.

ಅವಳದು ಶ್ರೀರಂಗಪಟ್ಟಣದ ಗಂಜಾಂ. ಫ್ರೆಂಚ್ ಪಾದ್ರಿ ಅಬ್ಬೆ ದುಬೋಯ್ ಸ್ವಾಮಿಗಳ ಚರ್ಚಿನ ಊರು. ಇನ್ನೂರು ವರ್ಷದ ಹಿಂದೆ ಸಿಡುಬಿಗೆ ಲಸಿಕೆ ಹಾಕಿಸಿದ ಅವರನ್ನು ಅಜ್ಜಿ ನೆನ್ನೆ ಮೊನ್ನೆ ಕಂಡವಳ ಹಾಗೆ 'ದೊಡ್ಡ ಸ್ವಾಮಿಯೋರು' ಅನ್ನುತ್ತಿದ್ದಳು. ಅಜ್ಜಿಗೆ ಓದು ಬರಹ ಇರಲಿಲ್ಲ. ಬೈಬಲಿನ 150 ಕೀರ್ತನೆ ಓದಲಾಗದ ಬಡವರು ಅದರ ಬದಲು 150 ನಮೋ ಮರಿಯಾ ಹೇಳುತ್ತಿದ್ದರು ಅಂತ ಫಾದರ್ ಪ್ರಸಂಗದಲ್ಲಿ ಹೇಳಿದ ದಿನ, "ನೋಡ್ದಾ, ಇದು ನಮ್ಮಂಥೋರ್ದೇ" ಅಂತ ಹಿಗ್ಗಿದ್ದಳು. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹಳೇ ಹದಿನೈದು ರಹಸ್ಯಗಳ ಜತೆಗೆ, ಗುರುವಾರಕ್ಕೆಂದು, ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದಾಗ ಮಾತ್ರ ಒಪ್ಪಲಿಲ್ಲ. ಗುರುವಾರಕ್ಕೂ ತನ್ನ ಹಳೇ ಹದಿನೈದರಲ್ಲೇ ಒಂದು ಕಂತು!

ಈಗ ಜಪಸರ ಕಾರಿನ ಕನ್ನಡಿಗೆ ನೇತಾಡುತ್ತದೆ, ಜಪವನ್ನು ಮೊಬೈಲ್ ಹೇಳುತ್ತದೆ, ನಾವು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತೇವೆ. ಬೈಯುತ್ತಿಲ್ಲ, ನಾನೂ ಅದೇ ಸಾಲಿನವಳು. ಕೈ ಖಾಲಿ ಇದ್ದರೆ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ, ಅಲ್ವಾ?

ಕಳೆದ ಮಣಿ ಸಿಗಲಿಲ್ಲ. ಮಂಚ ಎಳೆದು, ಪೊರಕೆ ಹಾಕಿ ನೋಡಿದ್ದಾಯಿತು. ದೇವರಾಜ ಮಾರುಕಟ್ಟೆಯಿಂದ ಅದೇ ಅಳತೆಯ ಒಂದು ಮರದ ಮಣಿ ತಂದು ನಾನೇ ಕಟ್ಟಲು ಕೂತೆ. ಅಜ್ಜಿಯ ಗಂಟುಗಳನ್ನು ಬಿಚ್ಚಲು ಮನಸ್ಸಾಗದೆ ಕಿತ್ತ ಜಾಗಕ್ಕೆ ಮಾತ್ರ ಹೊಸ ಹುರಿ ಸೇರಿಸಿದೆ. ಒಂದು ಗಂಟಿಗೆ ಮೂರು ಸಲ ಸೋತೆ. ನಮೋ ಮರಿಯಾ ಅರ್ಧಕ್ಕೇ ನಿಂತು, ಬಾಯಲ್ಲಿ "ಥೂ" ಬಂತು. ಅಮ್ಮ ಒಳಗಿಂದಲೇ "ಹುರಿಗೆ ಮೇಣ ಹಚ್ಚಿದ್ಯೇನೇ?" ಅಂದರು. ಹಚ್ಚಿರಲಿಲ್ಲ.

ಮೂರನೇ ಹತ್ತರಲ್ಲಿ ಏಳನೆಯದು ಆ ಮಣಿ. ಅದಕ್ಕೆ ಗಂಧವಿಲ್ಲ, ಗಂಟು ಸ್ವಲ್ಪ ಸೊಟ್ಟ. ದಿನಾ ಬೆರಳು ಅಲ್ಲಿ ತಡೆಯುತ್ತದೆ. ನಿನ್ನೆ ಅಮ್ಮನ ಬೆರಳೂ ಅಲ್ಲೇ ನಿಂತಿತು. ನನ್ನ ಕಡೆ ಒಂದು ಸಲ ನೋಡಿ, ಜಪ ಮುಂದುವರಿಸಿದರು.