ಪ್ಲಾಯಾ ಗ್ರಾಂಡಿಯ ದಕ್ಕೆಯಲ್ಲಿ ಕಡಲಾಮೆಗಳು

ಕುಂದಾಪುರದ ಕೋಡಿಯಲ್ಲಿ ಅಲೆಗಳ ಸದ್ದು ಕೇಳುತ್ತಲೇ ಬೆಳೆದವನಾದರೂ ಮೂವತ್ತೆಂಟು ತುಂಬುವವರೆಗೆ ನಾನು ಕಡಲಿನ ಒಳಗನ್ನು ಕಂಡವನಲ್ಲ. ಈಜು ಬರುತ್ತಿತ್ತು, ಆದರೆ ನಮ್ಮ ಕಡೆಯ ನೀರಿನಲ್ಲಿ ಮುಳುಗಿ ಕಣ್ಣು ಬಿಟ್ಟರೆ ಮಬ್ಬಿನ ಹೊರತು ಬೇರೇನೂ ಕಾಣುವುದಿಲ್ಲ. ಪಂಚಗಂಗಾವಳಿಯ ಐದು ಹೊಳೆಗಳು ಘಟ್ಟದ ಮಣ್ಣನ್ನು ಹೊತ್ತು ತಂದು ಗಂಗೊಳ್ಳಿಯ ಅಳಿವೆಯಲ್ಲಿ ಸುರಿಯುವಾಗ ಕಡಲು ತಿಳಿಯಾಗಿರಬೇಕೆಂದು ಬಯಸುವುದೂ ನ್ಯಾಯವಲ್ಲ.

ಕ್ಯುರಸಾವೊ ದ್ವೀಪದ ನೀರು ಅಷ್ಟೊಂದು ತಿಳಿಯಾಗಿರುವುದಕ್ಕೆ ಇದರ ತಿರುವುಮುರುವೇ ಕಾರಣವೆಂದು ಅಲ್ಲಿಗೆ ಹೋದ ಮೇಲೆ ಅರ್ಥವಾಯಿತು. ವೆನೆಜುವೆಲಾದ ಕರಾವಳಿಯಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪದಲ್ಲಿ ವರ್ಷವಿಡೀ ಹರಿಯುವ ಹೊಳೆಯೇ ಇಲ್ಲ. ನಮ್ಮೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವ ಮಳೆ ಅಲ್ಲಿ ಇಡೀ ವರ್ಷಕ್ಕೂ ಸುರಿಯುವುದಿಲ್ಲ. ಕುಡಿಯುವ ನೀರನ್ನು ಕೂಡ ಕಡಲಿನ ಉಪ್ಪು ತೆಗೆದು ಮಾಡಿಕೊಳ್ಳುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಆಮ್‌ಸ್ಟರ್‌ಡ್ಯಾಮ್‌ನಿಂದ ಸುಮಾರು ಹತ್ತು ಗಂಟೆಯ ನೇರ ವಿಮಾನ ಸಿಗುತ್ತದೆಂಬುದು, ಮತ್ತು ಫೆಬ್ರವರಿಯ ಚಳಿಯಿಂದ ಒಂದು ವಾರವಾದರೂ ತಪ್ಪಿಸಿಕೊಳ್ಳಬಹುದೆಂಬುದು, ನಾನೂ ಹೆಂಡತಿಯೂ ಅಲ್ಲಿಗೆ ಹೋದುದಕ್ಕೆ ಇದ್ದ ಕಾರಣಗಳು. ಕಡಲಾಮೆಯ ಆಸೆ ಅವಳದು.

ವಿಲೆಮ್‌ಸ್ಟಾಡ್‌ನಿಂದ ಬಾಡಿಗೆ ಕಾರಿನಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಕಳ್ಳಿಗಿಡಗಳ ನಡುವೆ ಸಾಗಿ, ದ್ವೀಪದ ವಾಯವ್ಯ ತುದಿಯ ವೆಸ್ಟ್‌ಪುಂಟ್ ಎಂಬ ಹಳ್ಳಿ ಸೇರುವಷ್ಟರಲ್ಲಿ ಬಿಸಿಲು ಏರಿತ್ತು. ಪ್ಲಾಯಾ ಗ್ರಾಂಡಿ ಎಂದರೆ ‘ದೊಡ್ಡ ಕಡಲತೀರ’ ಎಂದರ್ಥ; ನೋಡಿದರೆ ನಮ್ಮ ಶಾಲೆಯ ಮೈದಾನಕ್ಕಿಂತ ಚಿಕ್ಕದು. ಸ್ಥಳೀಯರ ಪಾಪಿಯಮೆಂಟು ಭಾಷೆಯಲ್ಲಿ ಅದಕ್ಕೆ ಪ್ಲಾಯಾ ಪಿಸ್ಕಾಡೊ, ಅಂದರೆ ಮೀನುಗಾರರ ತೀರ, ಎಂಬ ಇನ್ನೊಂದು ಹೆಸರೂ ಇದೆ, ಮತ್ತು ಅದೇ ಒಪ್ಪುವ ಹೆಸರು. ಕಲ್ಲುಮಿಶ್ರಿತ ಮರಳು, ಬಣ್ಣ ಬಳಿದ ನಾಲ್ಕಾರು ದೋಣಿಗಳು, ಒಂದು ಪುಟ್ಟ ದಕ್ಕೆ, ಮೀನಿನ ಗಾಢ ವಾಸನೆ. ಹೆಂಡತಿ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಊರಿಗೆ ಬಂದಂತಾಯಿತು.

ನೀರಿಗಿಳಿದ ಮೊದಲ ಅರ್ಧ ಗಂಟೆಯನ್ನು ನನ್ನ ಮೀಸೆ ಹಾಳುಮಾಡಿತು. ಸ್ನಾರ್ಕೆಲ್‌ನ ಕೊಳವೆಯನ್ನು ಬಾಯಿಯಲ್ಲಿ ಕಚ್ಚಿ ಉಸಿರಾಡುವುದನ್ನು ಹೇಗೋ ಕಲಿತೆ, ಆದರೆ ಕಣ್ಣು ಮೂಗುಗಳನ್ನು ಮುಚ್ಚುವ ಮುಖವಾಡದ ರಬ್ಬರ್ ಅಂಚು ಚರ್ಮಕ್ಕೆ ಅಂಟಿಕೊಳ್ಳಬೇಕಾದ ಜಾಗದಲ್ಲಿ ಕೂದಲಿದ್ದರೆ ಅಲ್ಲಿಂದ ನೀರು ಜಿನುಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಎರಡು ನಿಮಿಷಕ್ಕೊಮ್ಮೆ ಮೂಗಿಗೆ ಉಪ್ಪುನೀರು ಏರಿ ಕೆಮ್ಮುತ್ತಾ ತಲೆಯೆತ್ತುವ ನನ್ನನ್ನು ಕಂಡು ದಡದಲ್ಲಿದ್ದ ಮುದುಕರೊಬ್ಬರು ತಮ್ಮ ಮೇಲ್ದುಟಿಯ ಮೇಲೆ ಬೆರಳಾಡಿಸಿ ನಕ್ಕರು. ಬಲೆ ಬಾಚುವ ನಮ್ಮೂರ ಹಿರಿಯರೂ ಹೀಗೆಯೇ, ಮಾತಿಲ್ಲದೆ, ನಗುವರು.

ಆಮೆಯನ್ನು ನಾನು ಹುಡುಕಿ ಕಂಡದ್ದಲ್ಲ. ಮುಖವಾಡದೊಳಗಿನ ನೀರನ್ನು ಚೆಲ್ಲಿ ಮತ್ತೆ ತಲೆ ಮುಳುಗಿಸಿದಾಗ ಅದು ನನ್ನ ಕೆಳಗೇ ಇತ್ತು. ಮೀಟರಿನಷ್ಟು ಉದ್ದದ ಚಿಪ್ಪು, ಅದರ ಮೇಲೆ ಅಲ್ಲಲ್ಲಿ ಪಾಚಿ, ಕಣ್ಣಿನ ಸುತ್ತ ಬಿಳಿಗೆರೆಗಳ ನಡುವೆ ಕಂದು ಹಲ್ಲೆಗಳು. ಆಮೆಯೆಂದರೆ ನಿಧಾನವೆಂಬ ಮಾತನ್ನು ನೆಲದ ಮೇಲೆ ನಿಂತವರು ಕಟ್ಟಿದ್ದಿರಬೇಕು: ಮುಂಗಾಲುಗಳನ್ನು ಹದ್ದಿನ ರೆಕ್ಕೆಯಂತೆ ಒಮ್ಮೆ ಬೀಸಿದ್ದೇ ತಡ, ಅದು ನಾನು ಹತ್ತು ಸಲ ಕೈಬೀಸಿದರೂ ಮುಟ್ಟಲಾಗದಷ್ಟು ದೂರಕ್ಕೆ ಜಾರಿತು. ಮತ್ತೆ ತಿರುಗಿ ಮೇಲೆ ಬಂದು, ನನ್ನಿಂದ ಎರಡು ಮಾರು ಆಚೆ ಮೂಗನ್ನಷ್ಟೇ ಹೊರಗೆ ಚಾಚಿ, ಹಳೆಯ ಸ್ಟೌವ್‌ಗೆ ಗಾಳಿ ಹೊಡೆದಂಥ ಸದ್ದಿನೊಂದಿಗೆ ಉಸಿರು ಬಿಟ್ಟು, ಉಸಿರೆಳೆದುಕೊಂಡು ಮುಳುಗಿತು. ಒಂದೇ ಗಾಳಿಯನ್ನು ಇಬ್ಬರೂ ಸರದಿಯಲ್ಲಿ ಬಳಸುತ್ತಿದ್ದೇವೆಂದು ಆಗ ತೋರಿತು. ನನಗೆ ಕೊಳವೆ ಬೇಕಿತ್ತು, ಅದಕ್ಕೆ ಬೇಕಿರಲಿಲ್ಲ.

ಎರಡು, ಮೂರು, ಐದು ಎಂದು ಎಣಿಸುವಷ್ಟರಲ್ಲಿ ಎಲ್ಲವೂ ಒಂದೇ ದಿಕ್ಕಿಗೆ, ದಕ್ಕೆಯ ಕಡೆಗೆ, ಹೊರಟವು. ಅಲ್ಲಿ ಒಬ್ಬ ಮೀನುಗಾರ ಆಗಷ್ಟೇ ತಂದ ಮುಲಾವನ್ನು ಕೊಯ್ಯುತ್ತಿದ್ದ. ಇದು ನಮ್ಮ ಅಂಜಲ್‌ನ ಕುಟುಂಬಕ್ಕೇ ಸೇರಿದ ಮೀನು. ಕಿವಿರು, ಕರುಳುಗಳನ್ನು ಅವನು ನೀರಿಗೆಸೆಯುತ್ತಿದ್ದಂತೆ ಆಮೆಗಳು ಕೆಳಗೆ ಮುಗಿಬಿದ್ದವು, ಮೇಲೆ ಪೆಲಿಕನ್‌ಗಳು ಕಾದು ಕುಳಿತಿದ್ದವು. ಗಂಗೊಳ್ಳಿಯ ಬಂದರಿನಲ್ಲಿ ಬೆಕ್ಕು, ಕಾಗೆ, ಹದ್ದುಗಳು ಮಾಡುವ ಕೆಲಸವನ್ನೇ ಇಲ್ಲಿ ಇವು ಮಾಡುತ್ತಿದ್ದವು. ಹಸಿರು ಕಡಲಾಮೆಗಳು ಎಳೆಯದರಲ್ಲಿ ಸಿಕ್ಕ ಜೀವಿಗಳನ್ನೆಲ್ಲ ತಿಂದರೂ ಬೆಳೆದಂತೆ ಹೆಚ್ಚಾಗಿ ಕಡಲಹುಲ್ಲು ಮತ್ತು ಪಾಚಿಗೆ ಒಗ್ಗಿಕೊಳ್ಳುತ್ತವೆಂದು ಓದಿಕೊಂಡು ಹೋಗಿದ್ದ ನನಗೆ, ಆ ದೊಡ್ಡ ಆಮೆಯೂ ಸಸ್ಯಾಹಾರದ ನೇಮವನ್ನು ಬದಿಗಿಟ್ಟು ಕರುಳಿಗಾಗಿ ಕಾದಾಡುತ್ತಿದ್ದುದು ಸ್ವಲ್ಪ ಪೆಚ್ಚೆನಿಸಿತೆಂದು ಒಪ್ಪಿಕೊಳ್ಳಬೇಕು. ಕಾಡಿನಂಥ ಕಡಲಿನಲ್ಲಿ ಆಕಸ್ಮಿಕವಾಗಿ ಭೇಟಿಯಾದೆವೆಂದು ಎಣಿಸಿದ್ದೆ. ಆಮೆಗಳಿಗೆ ಅದು ಊಟದ ಹೊತ್ತು, ನಾನು ಅಡ್ಡ ನಿಂತವನು.

ಪೆಚ್ಚುತನ ಬಹಳ ಹೊತ್ತು ಉಳಿಯಲಿಲ್ಲ. ಮೀನು ಕೊಯ್ದವನು ಎಸೆದದ್ದು ಅವನ ಕೆಲಸದ ಉಳಿಕೆ, ಪ್ರವಾಸಿಗಳಿಗಾಗಿ ಮಾಡಿದ ಪ್ರದರ್ಶನವಲ್ಲ. ಆದರೆ ಪಕ್ಕದಲ್ಲೇ ಒಬ್ಬ ಪ್ರವಾಸಿ ಚಿತ್ರಕ್ಕಾಗಿ ಆಮೆಯ ಚಿಪ್ಪನ್ನು ಹಿಡಿಯಲು ಹೋದಾಗ, ಅದುವರೆಗೆ ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಆ ಮೀನುಗಾರ ಕತ್ತಿ ಕೆಳಗಿಟ್ಟು ಗದರಿದ. ಪದಗಳಲ್ಲಿ ನನಗೆ ತಿಳಿದದ್ದು ‘ತುರ್ತುಗಾ’, ಅಂದರೆ ಆಮೆ, ಎಂಬ ಒಂದೇ. ಉಳಿದದ್ದಕ್ಕೆ ಭಾಷಾಂತರ ಬೇಕಿರಲಿಲ್ಲ.

ಕೋಡಿಯ ತೀರಕ್ಕೂ ಕಡಲಾಮೆಗಳು ಬರುತ್ತವೆ. ಅವು ಆಲಿವ್ ರಿಡ್ಲೆ ಜಾತಿಯವು, ಬರುವುದು ರಾತ್ರಿಯಲ್ಲಿ, ಮೊಟ್ಟೆಯಿಡಲು. ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಕಟ್ಟಿ ಸುಮಾರು ಐವತ್ತು ದಿನ ಕಾಯುತ್ತಾರೆ. ಬಾಲ್ಯದಲ್ಲಿ ನಾನು ಕಂಡದ್ದು ಬೆಳಗಿನ ಮರಳಿನ ಮೇಲೆ ಅವುಗಳ ಕಾಲುಗಳು ಬಿಟ್ಟುಹೋದ ಸಾಲುಗಳನ್ನು ಮಾತ್ರ. ಆಮೆಯೊಂದನ್ನು ಮುಖಾಮುಖಿ ಕಾಣಲು ಎರಡು ಸಾಗರಗಳಾಚೆ ಬರಬೇಕಾಯಿತೆಂದು ಆ ಸಂಜೆ ಫೋನಿನಲ್ಲಿ ಹೇಳಿದರೆ ಅಮ್ಮ, ‘ಆಮಿ ಕಾಂಬುಕೆ ಅಷ್ಟ್ ದೂರ ಹೋಯ್ಕಾ?’ ಎಂದು ಕೇಳಿ ಊಟವಾಯಿತೇ ಎಂದು ವಿಚಾರಿಸಿದರು.

ಮರುದಿನ ಬೆಳಿಗ್ಗೆ ಹದಿನೆಂಟು ವರ್ಷಗಳಿಂದ ಬೆಳೆಸಿದ್ದ ಮೀಸೆಯನ್ನು ಬೋಳಿಸಿ ಮತ್ತೆ ಪ್ಲಾಯಾ ಗ್ರಾಂಡಿಗೆ ಹೋದೆವು. ಮುಖವಾಡದೊಳಗೆ ಒಂದು ಹನಿಯೂ ಬರಲಿಲ್ಲ, ಆದರೆ ನೀರಿನಲ್ಲಿ ಆಮೆಯೊಂದೂ ಇರಲಿಲ್ಲ. ದೋಣಿಗಳು ಇನ್ನೂ ಮರಳಿರಲಿಲ್ಲ. ದಕ್ಕೆಯ ಕಂಬಗಳ ಸುತ್ತ ಪಟ್ಟೆಮೀನುಗಳನ್ನು ನೋಡುತ್ತಾ ತೇಲಿಕೊಂಡಿದ್ದೆ. ಹತ್ತು ಗಂಟೆಯ ಹೊತ್ತಿಗೆ ದೂರದಲ್ಲೆಲ್ಲೋ ಎಂಜಿನ್ನಿನ ಸದ್ದು ನೀರಿನೊಳಗಿನಿಂದಲೇ ಕಿವಿಗೆ ತಲುಪಿತು, ಮತ್ತು ದೋಣಿ ನನ್ನ ಕಣ್ಣಿಗೆ ಬೀಳುವ ಮೊದಲೇ ಎಡಗಡೆಯ ನೀಲಿಯಿಂದ ಒಂದು ಆಮೆ ನನ್ನನ್ನು ದಾಟಿಕೊಂಡು ದಕ್ಕೆಯತ್ತ ಹೋಯಿತು.