‘ರ‍್ಯಾಂಪ್ ಇದೆ ಸಾರ್’ ಅಂದರೆ ನಂಬಬೇಡಿ, ಟೇಪ್ ಹಿಡಿದು ಹೋಗಿ

ಮದುವೆಗೋ ಪುಸ್ತಕ ಬಿಡುಗಡೆಗೋ ಛತ್ರ ನೋಡಲು ಹೋಗಿ, ವೀಲ್‌ಚೇರಿನವರೂ ಬರ್ತಾರೆ ಅಂದರೆ ಮ್ಯಾನೇಜರ ಉತ್ತರ ಒಂದೇ: ‘ರ‍್ಯಾಂಪ್ ಇದೆ ಸಾರ್.’ ಇರುತ್ತದೆ, ನಿಜ. ಎಷ್ಟೋ ಕಡೆ ಅದನ್ನು ಕಟ್ಟಿದ್ದು ಅಡುಗೆಯವರ ಸಿಲಿಂಡರ್ ಉರುಳಿಸಲು.

ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಆರಿಂಚಿನ ನಾಲ್ಕು ಮೆಟ್ಟಿಲಿಗೆ 24 ಅಡಿ ರ‍್ಯಾಂಪು ಬೇಕು; ಅಗಲ ನಾಲ್ಕಡಿ, ಮೇಲೂ ಕೆಳಗೂ ಐದಡಿ ಸಮತಟ್ಟು. ಶಾಮಿಯಾನದವರು ‘ನಾವೇ ಹಾಕಿಕೊಡ್ತೀವಿ’ ಎಂದು ಅದೇ ಮೆಟ್ಟಿಲಿಗೆ ಎಂಟಡಿ ಪ್ಲೈವುಡ್ ಒರಗಿಸಿದರೆ ಇಳಿಜಾರು ಮೂರು ಪಟ್ಟು ಕಡಿದು. ಹತ್ತಿಸಲು ಇಬ್ಬರು ಬೇಕು, ಇಳಿಯುವಾಗ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಮೇಲೆ ಕೆಂಪು ಕಾರ್ಪೆಟ್ ಹಾಸಿದರಂತೂ ಮುಂದಿನ ಪುಟ್ಟ ಚಕ್ರ ಮಡಿಕೆಗೆ ಸಿಕ್ಕಿ ನಿಂತೇಬಿಡುತ್ತದೆ.

ವೇದಿಕೆ ಮೂರಡಿ ಎತ್ತರವಿದ್ದರೆ ಅದಕ್ಕೆ 36 ಅಡಿ ರ‍್ಯಾಂಪು ಎಲ್ಲಿಂದ ತರುತ್ತೀರಿ? ಸನ್ಮಾನವನ್ನೇ ಕೆಳಗೆ, ಎಲ್ಲರಿಗೂ ನೆಲದ ಮೇಲೇ ಇಟ್ಟುಕೊಳ್ಳಿ. ನಾಲ್ವರು ಹುಡುಗರು ಕುರ್ಚಿ ಸಮೇತ ಎತ್ತಿಕೊಂಡು ಹೋಗುವುದು ಅಪಾಯ, ಕೂತವರಿಗೆ ಮುಜುಗರ ಬೇರೆ.

ಹೆಚ್ಚು ಕೈಕೊಡುವುದು ಶೌಚಾಲಯ. ಎರಡೂವರೆ ಅಡಿ ಬಾಗಿಲು ಅಂದರೆ ಚೌಕಟ್ಟೂ ಸೇರಿ. ಅದನ್ನೂ ಕದದ ದಪ್ಪವನ್ನೂ ಕಳೆದರೆ ಸಿಗುವುದು 65 ಸೆಂ.ಮೀ. ಆಸುಪಾಸು. ಸಾಮಾನ್ಯ ವೀಲ್‌ಚೇರಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ, ಕೈಗೆ ಜಾಗ ಎಲ್ಲಿ? ಕದ ಪೂರ್ತಿ ತೆರೆದು ಅಳೆಯಿರಿ, 90 ಸೆಂ.ಮೀ. ಇರಬೇಕು. ಕದ ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಕದವನ್ನು ತಳ್ಳಲಾಗದು. ಒಳಗೆ ತಿರುಗಲು ಐದಡಿ ಜಾಗ. ಕಮೋಡಿನ ಪಕ್ಕದ ಹಿಡಿಕೆಯ ಮೇಲೆ ನಿಮ್ಮ ಪೂರ್ತಿ ಭಾರ ಹಾಕಿ ನೋಡಿ, ಟವಲ್ ರಾಡನ್ನೇ ಹಿಡಿಕೆಯೆಂದು ತೋರಿಸುವವರಿದ್ದಾರೆ. ಬೀಗ ಹಾಕಿದ್ದರೆ ತೆಗೆಸಿ. ಒಳಗೆ ಮುರಿದ ಕುರ್ಚಿ, ಬಕೆಟ್ಟು ಪೇರಿಸಿರುವುದೇ ಹೆಚ್ಚು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡಕ್ಕೂ ಅನ್ವಯಿಸುತ್ತದೆ, ಮಾಲೀಕರಿಗೆ ಇದನ್ನು ಹೇಳಲು ಸಂಕೋಚ ಬೇಡ.

ಊಟದ ಹಾಲ್ ಕೆಳಮಹಡಿಯಲ್ಲಿದ್ದರೆ ಲಿಫ್ಟ್ ಕೇಳಿ. ಮಧ್ಯಾಹ್ನ ಒಂದಕ್ಕೆ ಅದರಲ್ಲಿ ಅನ್ನದ ಡಬರಿ ಓಡಾಡುತ್ತಿರುತ್ತದೆ, ಆ ಹೊತ್ತಿಗೆ ಯಾರಿಗೆ ಮೊದಲು ಎಂದು ಅಡುಗೆಯವರ ಹತ್ತಿರ ಮುಂಚೆಯೇ ಮಾತಾಡಿ. ಪಂಕ್ತಿಯ ತುದಿಯ ಒಂದೊಂದು ಕುರ್ಚಿ ತೆಗೆದಿಟ್ಟರೆ ವೀಲ್‌ಚೇರಿಗೆ ಜಾಗವಾಯಿತು. ದೃಷ್ಟಿ ಇಲ್ಲದವರಿಗೆ ಬಫೆಗಿಂತ ಬಾಳೆ ಎಲೆಯೇ ವಾಸಿ: ಉಪ್ಪು ಎಡತುದಿಯಲ್ಲಿ ಎಂದು ಊಹಿಸಬಹುದು. ಬಡಿಸುವವರು ‘ಸಾರು ಹಾಕ್ತಿದೀನಿ’ ಅಂತ ಬಾಯಲ್ಲಿ ಹೇಳಬೇಕು, ಇಲ್ಲವಾದರೆ ಬಿಸಿ ಸಾರು ಬೆರಳ ಮೇಲೆ.

ಕಿವುಡರು ಬರುವುದಾದರೆ, ಕಾರ್ಯಕ್ರಮ ಒಂದು ಗಂಟೆ ದಾಟಿದರೆ ಸಂಜ್ಞಾ ಭಾಷೆಯ ಅನುವಾದಕರು ಇಬ್ಬರು ಬೇಕು. ಇಪ್ಪತ್ತು–ಮೂವತ್ತು ನಿಮಿಷಕ್ಕೊಮ್ಮೆ ಬದಲಾಗದಿದ್ದರೆ ತಲೆ ಸೋತು ತಪ್ಪು ನುಸುಳುತ್ತದೆ. ಪರದೆಗಾಗಿ ದೀಪ ಆರಿಸುವಾಗ ಅನುವಾದಕರ ಮೇಲಿನ ದೀಪ ಆರಿಸಬೇಡಿ. ಭಾಷಣದ ಪ್ರತಿ, ಹೆಸರುಗಳ ಪಟ್ಟಿ ಅವರಿಗೆ ಎರಡು ದಿನ ಮೊದಲೇ ಕೊಡಿ.

ಆಮಂತ್ರಣದಲ್ಲೊಂದು ಕನ್ನಡದ್ದೇ ತೊಡಕಿದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದನ್ನು ಸ್ಕ್ರೀನ್ ರೀಡರ್ (ದೃಷ್ಟಿ ಇಲ್ಲದವರಿಗೆ ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಓದುತ್ತದೆ. ಚಿತ್ರ ಕಳಿಸಿದರೆ ಬಹಳ ಸಲ ಏನನ್ನೂ ಓದುವುದಿಲ್ಲ. ಪ್ರೆಸ್‌ನವರು ಕೊಟ್ಟ ಪಿಡಿಎಫ್ ಜತೆಗೆ ಅದೇ ವಿವರವನ್ನು ಯೂನಿಕೋಡಿನಲ್ಲಿ, ಅಂದರೆ ಫೋನಿನಲ್ಲಿ ಟೈಪಿಸುವ ಮಾಮೂಲಿ ಕನ್ನಡದಲ್ಲಿ, ವಾಟ್ಸಾಪ್ ಸಂದೇಶವಾಗಿಯೂ ಕಳಿಸಿ, ‘ಏನಾದರೂ ಅನುಕೂಲ ಬೇಕಿದ್ದರೆ ತಿಳಿಸಿ’ ಎಂಬ ಸಾಲಿನ ಕೆಳಗೆ ಫೋನ್ ಎತ್ತುವವರ ನಂಬರು ಹಾಕಿ.

ಕಾರ್ಯಕ್ರಮದ ದಿನ ರ‍್ಯಾಂಪಿನ ಬುಡದಲ್ಲಿ ಒಬ್ಬರನ್ನು ನಿಲ್ಲಿಸಿ. ಎಂಟಕ್ಕೆ ಖಾಲಿ ಇದ್ದ ಜಾಗದಲ್ಲಿ ಹತ್ತಕ್ಕೆ ಮೂರು ಬೈಕು ನಿಂತಿರುತ್ತವೆ, ಹ್ಯಾಂಡಲ್ ಲಾಕ್ ಆಗಿ.