ಐವತ್ತು ಎಚ್‌ಪಿ ಸರಿ, ಅಳೆದದ್ದು ಎಲ್ಲಿ?

ಟ್ರ್ಯಾಕ್ಟರ್ ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಅಂತ. ಎಲ್ಲಿ ಅಳೆದದ್ದು, ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿ) ಅಂತ ಕೇಳುವವರು ಕಡಿಮೆ.

ಅಸಲಿಗೆ ಎಚ್‌ಪಿಯನ್ನು ಯಾರೂ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಅಳೆಯುವುದು ಶಾಫ್ಟಿನ ತಿರುಚುಬಲ, ಅಂದರೆ ಟಾರ್ಕ್. ಜೊತೆಗೆ ಅದು ನಿಮಿಷಕ್ಕೆ ಎಷ್ಟು ಸುತ್ತು ಹೊಡೆಯುತ್ತದೆ ಎಂಬುದು. ಹಳೆಯ ಬ್ರೇಕ್ ಡ್ರಮ್ ವಿಧಾನದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಎಂಜಿನ್ ತಿರುಗಿಸುವ ಡ್ರಮ್ಮನ್ನು ಎರಡು ಕಟ್ಟಿಗೆ ಬ್ಲಾಕುಗಳು ಬಿಗಿಯಾಗಿ ಹಿಡಿದಿರುತ್ತವೆ. ಅವಕ್ಕೆ ಜೋಡಿಸಿದ ತೋಳಿನ ತುದಿ ತಕ್ಕಡಿಯನ್ನು ಒತ್ತುತ್ತದೆ. ತೋಳು ಸರಿಯಾಗಿ 716 ಮಿ.ಮೀ. ಇದ್ದರೆ ಲೆಕ್ಕ ಬಾಯಲ್ಲೇ ಆಗುತ್ತದೆ: ಕೆ.ಜಿ.ಯನ್ನು ಆರ್‌ಪಿಎಂನಿಂದ ಗುಣಿಸಿ ಸಾವಿರದಿಂದ ಭಾಗಿಸಿ. 2000 ಆರ್‌ಪಿಎಂನಲ್ಲಿ 25 ಕೆ.ಜಿ. ಬಂದರೆ 50 ಎಚ್‌ಪಿ. ಇದು 735.5 ವಾಟ್‌ನ ಮೆಟ್ರಿಕ್ ಎಚ್‌ಪಿ. ಜೇಮ್ಸ್ ವಾಟ್ ಲೆಕ್ಕದ್ದು 746 ವಾಟ್.

ತಪ್ಪುವುದು ಸಣ್ಣ ವಿಷಯಗಳಲ್ಲೇ. ತೋಳಿನ ಸ್ವಂತ ತೂಕ 2 ಕೆ.ಜಿ. ಕಳೆಯಲು ಮರೆತರೆ 4 ಎಚ್‌ಪಿ ಪುಕ್ಕಟೆ! ಎಂಜಿನ್ ಇನ್ನೂ ತಣ್ಣಗಿದ್ದಾಗ ಅಳೆದರೂ ಅಂಕಿ ನಂಬುವಂತಿರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಲೆನೋವು ಬಿಸಿ. 50 ಎಚ್‌ಪಿ ಅಂದರೆ ಸುಮಾರು 37 ಕಿಲೋವಾಟ್, ಎರಡು ಕಿಲೋವಾಟಿನ ಹದಿನೆಂಟು ಗೀಜರುಗಳ ಶಾಖ ಆ ಒಂದು ಡ್ರಮ್ಮಿಗೆ. ನೀರು ಹರಿಸದಿದ್ದರೆ ಬ್ಲಾಕುಗಳು ಸುಟ್ಟು ಹಿಡಿತ ತಪ್ಪಿ ಮುಳ್ಳು ಕುಣಿಯುತ್ತದೆ. ಅದಕ್ಕೇ ಈಗ ನೀರಿನ ಅಥವಾ ಎಡ್ಡಿ ಕರೆಂಟ್ (ಅಯಸ್ಕಾಂತದ ಬಲದಿಂದ ಬ್ರೇಕ್ ಹಾಕುವ) ಡೈನಮೋಮೀಟರ್ ಬಳಸುತ್ತಾರೆ. ಗಾಳಿ ಬಿಸಿಯಾದಷ್ಟೂ ತೆಳುವಾಗಿ ಶಕ್ತಿ ಇಳಿಯುವುದರಿಂದ ಕೋಣೆಯ ಉಷ್ಣತೆ, ಗಾಳಿಯ ಒತ್ತಡವನ್ನೂ ಬರೆದಿಡುತ್ತಾರೆ.

ಇನ್ನು ಹೊಲದ ಮಾತು. ಬಾನೆಟ್ಟಿನ ಮೇಲಿನ 50 ಎಂಜಿನ್ನಿನದು. ಗೇರು, ಹೈಡ್ರಾಲಿಕ್ ಪಂಪು ತಮ್ಮ ಪಾಲು ತಿಂದು ಪಿಟಿಒಗೆ, ಅಂದರೆ ಹಿಂದೆ ಕಟ್ಟಿದ ಉಪಕರಣ ತಿರುಗಿಸುವ ಶಾಫ್ಟಿಗೆ, ಬರುವುದು ಸಾಮಾನ್ಯವಾಗಿ 42ರಿಂದ 45. ರೋಟವೇಟರ್ ಆರಿಸಬೇಕಾದದ್ದು ಈ ಅಂಕಿಯ ಮೇಲೆ. ನೇಗಿಲಿಗೆ ಸಿಗುವುದು ಇನ್ನೂ ಕಡಿಮೆ, ಚಕ್ರ ಜಾರುತ್ತದಲ್ಲ. ಮಧ್ಯಪ್ರದೇಶದ ಬುಡ್ನಿಯ ಸರ್ಕಾರಿ ಪರೀಕ್ಷಾ ಕೇಂದ್ರದ ವರದಿ ಸಿಕ್ಕರೆ ಪಿಟಿಒ ಪುಟವನ್ನೇ ಮೊದಲು ತೆರೆಯಿರಿ.

50 ಎಚ್‌ಪಿ ಬೈಕೂ ಇದೆಯಲ್ಲ ಅಂತ ಕೇಳುವವರಿದ್ದಾರೆ. ಅದು ಆ ಶಕ್ತಿ ಕೊಡುವುದು ಹತ್ತು ಸಾವಿರ ಆರ್‌ಪಿಎಂ ಹತ್ತಿರ. ಟಾರ್ಕ್ ಟ್ರ್ಯಾಕ್ಟರಿನ ಐದನೇ ಒಂದು ಭಾಗ. ಗಟ್ಟಿ ಮಣ್ಣು ಸಿಕ್ಕಿ ಆರ್‌ಪಿಎಂ ಕುಸಿದಾಗ ಟ್ರ್ಯಾಕ್ಟರಿನ ಟಾರ್ಕ್ ಏರುತ್ತದೆ, ಎಂಜಿನ್ ಉಸಿರು ಕಟ್ಟುವುದಿಲ್ಲ. ಎರಡು ಮಾದರಿಗಳ ಎಚ್‌ಪಿ ಒಂದೇ ಇದ್ದರೆ, ಈ ಏರಿಕೆ ಹೆಚ್ಚಿರುವುದನ್ನು ಆರಿಸಿ. ಗೇರ್ ಇಳಿಸುವ ಕೆಲಸ ಕಡಿಮೆ.